ಗೋಪುರದ ಲೆಕ್ಕ

6 ಮಾರ್ಚ್ 2025, ಗುರುವಾರ

ಬೆಳಿಗ್ಗೆ ನಮ್ಮ ಸಭೆಯ ಪಾದ್ರಿ ಅಯ್ಯನವರ ಫೋನ್. ಲೆಂತ್‌ನ ಮೂರನೆಯ ವಾರ ಸ್ತ್ರೀಯರ ಕೂಟದಲ್ಲಿ ಪಾಠ ನಾನು ಮಾಡಬೇಕಂತೆ. ಭಾಗವನ್ನೂ ಅವರೇ ಆರಿಸಿಟ್ಟಿದ್ದಾರೆ: ಲೂಕ 14, ವಚನ 25ರಿಂದ 33. "ಟೀಚರೇ, ಹೈಸ್ಕೂಲು ಮಕ್ಕಳನ್ನು ಸುಮ್ಮನಿರಿಸಿದವರು ನೀವು, ಇದೆಲ್ಲ ಯಾವ ಲೆಕ್ಕ?" ಎಂದರು. ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಸತ್ಯವೇದ ತೆಗೆದು ಓದಿದೆ. ಒಪ್ಪಬಾರದಿತ್ತು ಅನಿಸಿತು.

ದೊಡ್ಡ ಜನಸಮೂಹ ಹಿಂದೆ ಬರುತ್ತಿದೆ. ಯಾರಿಗಾದರೂ ಖುಷಿಯಾಗುವ ಹೊತ್ತು. ಯೇಸು ಹಿಂದಿರುಗಿ ಅವರಿಗೆ ಹೇಳುವುದೇನೆಂದರೆ, ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಕೊನೆಗೆ ನಿಮ್ಮ ಸ್ವಂತ ಜೀವ, ಇಷ್ಟನ್ನೂ ಹಗೆ ಮಾಡದೆ ನನ್ನ ಶಿಷ್ಯರಾಗಲಿಕ್ಕಾಗದು. ಶಿಲುಬೆ ಹೊರಬೇಕು. ಇದ್ದದ್ದನ್ನೆಲ್ಲ ಬಿಡಬೇಕು. ಮತ್ತಾಯನಲ್ಲಿ ಈ ಮಾತು ಸ್ವಲ್ಪ ಮೆತ್ತಗಿದೆ, ನನಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸುವವನು ಎಂದಿದೆ. ಲೂಕ ಮೆತ್ತಗೆ ಮಾಡಲಿಲ್ಲ.

ನಮ್ಮ ಸಭೆಗೆ ಹೊಸಬರು ಯಾರಾದರೂ ಬಂದರೆ ಕಾಫಿ ಕೊಟ್ಟು ಫೋನ್ ನಂಬರ್ ಬರೆದುಕೊಳ್ಳುತ್ತೇವೆ.

9 ಮಾರ್ಚ್, ಭಾನುವಾರ

ಆರಾಧನೆ ಮುಗಿಸಿ ತಂಗಿಯ ಮನೆಗೆ ಹೋದೆ. ಅವಳ ಮಗ ಪುಟ್ಟ ಬೆಂಗಳೂರಿನಿಂದ ಬಂದಿದ್ದಾನೆ, ಈ ಸಲ ಲ್ಯಾಪ್‌ಟಾಪ್ ಬ್ಯಾಗಿಲ್ಲದೆ. ವಿಷಯ ಆಗಲೇ ಗೊತ್ತಾಗಬೇಕಿತ್ತು.

ತಂಗಿ ಅಡಿಗೆಮನೆಯಲ್ಲಿ ಗುಜ್ಜೆ ಹೆಚ್ಚುತ್ತಿದ್ದಳು. ಕೈಗೆ, ಚೂರಿಗೆ ಎಣ್ಣೆ ಸವರಿಕೊಂಡಿದ್ದರೂ ಮೇಣ ಮೊಣಕೈವರೆಗೆ ಹತ್ತಿತ್ತು. ನಾನು ಒಳಗೆ ಕಾಲಿಡುತ್ತಿದ್ದಂತೆ ಅವಳು ತಲೆ ಎತ್ತದೆ ಹೇಳಿದಳು, "ಅಕ್ಕ, ನಿನ್ನ ಮಗನಿಗೆ ಪಾದ್ರಿ ಆಗಬೇಕಂತೆ." ಅವನು ತಪ್ಪು ಮಾಡಿದಾಗ ಮಾತ್ರ ನನ್ನ ಮಗ.

ಮೂವತ್ತೊಂದು ವರ್ಷ. ಒಳ್ಳೆಯ ಕಂಪನಿ, ಒಳ್ಳೆಯ ಸಂಬಳ. ಅದನ್ನು ಬಿಟ್ಟು ಬಲ್ಮಠದ ಥಿಯೊಲಾಜಿಕಲ್ ಕಾಲೇಜಿನಲ್ಲಿ ಸೆರಾಂಪುರದ ಬಿ.ಡಿ. ಓದಬೇಕಂತೆ. ಎರಡು ವರ್ಷದಿಂದ ಮನಸ್ಸಿನಲ್ಲಿತ್ತಂತೆ. ಕರೆ ಬಂದಿದೆ ಎಂದ. ನಾನು ನಗಲಿಲ್ಲ. ಈ ಹುಡುಗ ಸುಳ್ಳು ಹೇಳುವವನಲ್ಲ, ಆವೇಶದವನೂ ಅಲ್ಲ. ಕನ್ವೆನ್ಷನ್‌ಗಳಲ್ಲಿ ಕೈ ಎತ್ತಿ ಕುಣಿಯುವ ಗುಂಪಿನಲ್ಲಿ ಇವನನ್ನು ನಾನು ನೋಡಿಲ್ಲ.

ಆದರೆ ಮನೆಯ ಮೇಲೆ ಸಾಲ ಇದೆ. ಭಾವ ತೀರಿಕೊಂಡ ಮೇಲೆ ಹಳೇ ಮನೆ ಕೆಡವಿ ಕಟ್ಟಿಸಿದ್ದು, ತಿಂಗಳಿಗೆ 19 ಸಾವಿರ ಕಂತು, ಇವನ ಸಂಬಳದಿಂದಲೇ ಹೋಗುವುದು. ತಂಗಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇರೆ.

"ದೊಡ್ಡಮ್ಮ, ನೀವಾದರೂ ಅಮ್ಮನಿಗೆ ಹೇಳಿ" ಎಂದ. ಏನು ಹೇಳಲಿ? ನಾನು ಅದೇ ಭಾಗ ಪಾಠ ಮಾಡಬೇಕಾಗಿದೆ ಅಂತ ಇಬ್ಬರಿಗೂ ಹೇಳಲಿಲ್ಲ. ಗುಜ್ಜೆ ಪಲ್ಯ ತಿಂದು ಬಂದೆ.

14 ಮಾರ್ಚ್, ಶುಕ್ರವಾರ

ಪಾಠಕ್ಕೆಂದು ನಮ್ಮ ಸಭೆಯ ಹಿಂದಿನ ಕಥೆ ಓದುತ್ತಿದ್ದೇನೆ. "ಎಲ್ಲವನ್ನೂ ಬಿಟ್ಟು" ಎಂಬ ಮಾತು ಬಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬಾಸೆಲ್ ಮಿಶನ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು, ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ದು, ಕಿಟೆಲ್‌ರ 1894ರ ನಿಘಂಟು. ಇದನ್ನೆಲ್ಲ ಮಕ್ಕಳಿಗೆ ಕ್ವಿಜ್‌ಗೆ ಬಾಯಿಪಾಠ ಮಾಡಿಸಿದ್ದೇನೆ.

ಬಿಟ್ಟವರು ಅವರು ಮಾತ್ರವೇ? ನಮ್ಮ ಮುತ್ತಜ್ಜ ಮೂರ್ತೆ ಮಾಡುತ್ತಿದ್ದವರು. ತಾಳೆಮರ ಹತ್ತಿ ಕಳ್ಳು ಇಳಿಸುವ ಕೆಲಸ. ದೀಕ್ಷಾಸ್ನಾನ ಆಗಬೇಕಾದರೆ ಅದನ್ನು ಬಿಡಬೇಕು ಎಂಬುದು ಮಿಶನ್ನಿನ ಕಟ್ಟುನಿಟ್ಟು. ಭೂತಕ್ಕೆ ಕೊಡುವುದು ನಿಂತಿತು, ಕುಟುಂಬದ ಮನೆಗೆ ಹೋಗುವುದೂ ನಿಂತಿತು. ಗೇಣಿ ಕೊಟ್ಟ ಒಡೆಯರು ಭೂಮಿ ಬಿಡಿಸಿದರು. ಒಂದೇ ವರ್ಷದಲ್ಲಿ ಕಸುಬು, ಗದ್ದೆ, ಬಳಗ ಮೂರೂ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದದ್ದು. ಕಸುಬು ಬಿಡಿಸಿದ ಮೇಲೆ ಹೊಟ್ಟೆಗೆ ದಾರಿ ತೋರಿಸುವುದೂ ನಮ್ಮದೇ ಹೊಣೆ ಎಂದು ಮಿಶನ್ನಿಗೆ ಹೊಳೆಯಿತು, ಇದು ಅವರ ದೊಡ್ಡತನ ಎಂದೇ ನಾನು ತಿಳಿಯುತ್ತೇನೆ. 1851ರಲ್ಲಿ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ, ಜೊತೆಗೆ ಅಚ್ಚುಕೂಟ. ಮರ ಹತ್ತುತ್ತಿದ್ದ ಮುತ್ತಜ್ಜ ಆವೆಯ ಮುಂದೆ ಕೂತರು. ಅವರ ಕಾಲದ ಒಂದು ಹಂಚು ನಮ್ಮ ಬಾವಿಕಟ್ಟೆಯ ಬಳಿ ಈಗಲೂ ಇದೆ. ಹಿಂಬದಿಯಲ್ಲಿ ಮಿಶನ್ನಿನ ಹೆಸರು ಒತ್ತಿದೆ, ಒಂದು ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳಿನ ಗುರುತು, ಹಸಿ ಮಣ್ಣಿರುವಾಗ ತಾಗಿದ್ದು.

ಓದಿದವರ ಮನೆಯದ್ದು ಇನ್ನೊಂದು ಥರ. ಆನಂದರಾವ್ ಕೌಂಡಿನ್ಯ, ಸಾರಸ್ವತರ ಹುಡುಗ, ಮೋಗ್ಲಿಂಗ್‌ರ ಶಾಲೆಯಲ್ಲಿ ಕಲಿತವರು. 1844ರಲ್ಲಿ ದೀಕ್ಷಾಸ್ನಾನ. 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಸಭಾಪಾಲಕ ದೀಕ್ಷೆ ಪಡೆದರು. ಅವರು ಸ್ನಾನ ಪಡೆದ ಕಾಲಕ್ಕೆ ಮತ ಬದಲಿಸಿದವನಿಗೆ ಪಿತ್ರಾರ್ಜಿತದಲ್ಲಿ ಪಾಲಿನ ಖಾತರಿ ಇರಲಿಲ್ಲ. ಆ ಹಕ್ಕು ಹೋಗಬಾರದೆಂಬ ಕಾನೂನು ಆದದ್ದು 1850ರಲ್ಲಿ. ಮುಂದೆ ಕೈಗೆ ಬಂದ ಆಸ್ತಿಯನ್ನು ಕೌಂಡಿನ್ಯರು ಕೊಡಗಿನ ಆನಂದಪುರಕ್ಕೆ ಹಾಕಿದರು, ಹೊಲೆಯರ ಕುಟುಂಬಗಳು ಜೀತ ಬಿಟ್ಟು ಕಾಫಿ ತೋಟದಲ್ಲಿ ನೆಲೆಯಾಗಲಿ ಎಂದು. ಊರಿಗೆ ಅವರ ಹೆಸರೇ ನಿಂತಿತು.

ಇವರೆಲ್ಲ ತಾವೇ ಒಪ್ಪಿ ಬಿಟ್ಟವರು. ಅಲ್ಲಿವರೆಗೆ ನನಗೆ ತಕರಾರಿಲ್ಲ.

17 ಮಾರ್ಚ್, ಸೋಮವಾರ

ತಕರಾರು ಇಲ್ಲಿದೆ.

ಮಿಶನರಿ ಮದುವೆಯಾಗಬೇಕಾದರೆ ಬಾಸೆಲ್‌ನ ಕಮಿಟಿಯ ಅಪ್ಪಣೆ ಬೇಕಿತ್ತು. ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು. ಎಷ್ಟೋ ಸಲ ಗಂಡಹೆಂಡತಿ ಮೊದಲು ಮುಖ ನೋಡುತ್ತಿದ್ದದ್ದು ಬಂದರಿನಲ್ಲಿ. ಇರಲಿ, ನಮ್ಮ ಅಜ್ಜಿಯಂದಿರ ಮದುವೆಯೂ ಹಾಗೇ ಆದದ್ದು. ಆದರೆ ಮಕ್ಕಳು? 1853ರಲ್ಲಿ, ಯೋಸೆನ್‌ಹಾನ್ಸ್ ಮಿಶನ್ನಿನ ಇನ್‌ಸ್ಪೆಕ್ಟರ್ ಆಗಿದ್ದಾಗ, ಬಾಸೆಲ್‌ನಲ್ಲಿ ಮಿಶನರಿ ಮಕ್ಕಳಿಗೆಂದು ಒಂದು ಮನೆ ತೆರೆದರು. ಶಾಲೆಗೆ ಸೇರುವ ವಯಸ್ಸಾದ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಆರೇಳು ವರ್ಷದ ಕೂಸು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಮತ್ತೆ ನೋಡುವುದು ಏಳೆಂಟು ವರ್ಷಕ್ಕೋ, ಹತ್ತಕ್ಕೋ, ಕೆಲವರಿಗೆ ಇಲ್ಲವೇ ಇಲ್ಲ.

ಕಾರಣಗಳಿದ್ದವು. ಇಲ್ಲಿನ ಸೆಕೆ, ಕಾಲರಾ, ಜ್ವರ. ಎಷ್ಟೋ ಮನೆಗಳಲ್ಲಿ ಮಕ್ಕಳು ಉಳಿಯುತ್ತಿರಲಿಲ್ಲ. ಯುರೋಪಿನ ಶಿಕ್ಷಣ ಬೇಕೆಂಬ ಆಸೆಯೂ ಇತ್ತು. ಇಲ್ಲಿಯವರ ಜೊತೆ ಬೆಳೆದರೆ ಕೆಟ್ಟುಹೋಗುತ್ತಾರೆಂಬ ಹೆದರಿಕೆಯೂ ಇತ್ತು. ಆ ಕೊನೆಯದ್ದನ್ನು ಕ್ಷಮಿಸಲು ನನಗೆ ಕಷ್ಟ. ಇಲ್ಲಿಯವರು ಎಂದರೆ ನಾವೇ ಅಲ್ಲವೇ, ದೀಕ್ಷಾಸ್ನಾನ ಆದವರು?

ತಲಶ್ಶೇರಿಯ ಹರ್ಮನ್ ಗುಂಡರ್ಟ್, ಮಲಯಾಳದವರಿಗೆ ಕಿಟೆಲ್ ಇದ್ದ ಹಾಗೆ. ಅವರ ಮಗಳು ಮರಿ ಹುಟ್ಟಿದ್ದು 1842ರಲ್ಲಿ ಅಲ್ಲೇ. ಮಕ್ಕಳ ಮನೆ ತೆರೆಯುವುದಕ್ಕೂ ಮುಂಚೆ, ಅವಳಿಗೆ ನಾಲ್ಕು ವರ್ಷ ಇರಬಹುದು, ಅಪ್ಪ ಅಮ್ಮ ಯುರೋಪಿನಲ್ಲಿ ಬಿಟ್ಟು ಹಿಂದಿರುಗಿದರು. ಮತ್ತೆ ಇಂಡಿಯಾಕ್ಕೆ ಬಂದು ಅವರ ಮುಖ ಕಂಡದ್ದು 1857ರಲ್ಲಿ, ಹದಿನೈದಾದಾಗ. ಈ ಮರಿಯ ಮಗನೇ ಹರ್ಮನ್ ಹೆಸ್ಸೆ, "ಸಿದ್ಧಾರ್ಥ" ಬರೆದವರು. ಆರು ವರ್ಷದ ಹೆಸ್ಸೆಯನ್ನು 1884ರಲ್ಲಿ ಅದೇ ಮಿಶನ್ನಿನ ಹುಡುಗರ ಮನೆಗೆ ಸೇರಿಸಿದರು. ಆಗ ಅಪ್ಪ ಅಮ್ಮ ಇದ್ದದ್ದು ಸಮುದ್ರದಾಚೆ ಅಲ್ಲ, ಅದೇ ಬಾಸೆಲ್ ಊರಿನಲ್ಲಿ! ಹುಡುಗ ತುಂಟ, ಹಿಡಿತಕ್ಕೆ ಸಿಗುತ್ತಿರಲಿಲ್ಲ ಅಂತ. ಭಾನುವಾರ ಮನೆಗೆ ಬಿಡುತ್ತಿದ್ದರು.

ಬಿಟ್ಟವರ ಹೆಸರು ಸಭೆಯ ಚರಿತ್ರೆಯಲ್ಲಿ ಬಂತು. ಬಿಡಲ್ಪಟ್ಟವರನ್ನು ಯಾರು ಕೇಳಿದರು? ಅಪ್ಪ ಕೊಟ್ಟ ಮಾತಿಗೆ ಆರು ವರ್ಷದ ಕೂಸಿನಿಂದ ವಸೂಲಿ. ದೇವರು ಕೇಳಿದ್ದು ಇದನ್ನೇ ಎಂದು ಅವರಿಗೆ ಅಷ್ಟು ನಿಶ್ಚಯವಾಗಿ ಹೇಗೆ ಗೊತ್ತಾಯಿತು?

ರಾತ್ರಿ ಹನ್ನೊಂದಾಯಿತು. ಬಿಪಿ ಮಾತ್ರೆ ತೆಗೆದುಕೊಳ್ಳುವುದು ಮರೆತಿದ್ದೆ.

20 ಮಾರ್ಚ್, ಗುರುವಾರ

ಪೇತ್ರನ ಹಿಂದೆ ಬಿದ್ದಿದ್ದೇನೆ. "ನಾವು ಎಲ್ಲವನ್ನೂ ಬಿಟ್ಟೆವು" ಎಂದು ಹೇಳಿಕೊಳ್ಳುವವನು ಅವನೇ. ಆದರೆ ಕಪೆರ್ನೌಮಿನಲ್ಲಿ ಅವನ ಮನೆ ಇದ್ದೇ ಇದೆ, ಅತ್ತೆಗೆ ಜ್ವರ ಬಂದಾಗ ಯೇಸು ಹೋಗಿ ಎಬ್ಬಿಸುವುದು ಅದೇ ಮನೆಯಲ್ಲಿ, ಎದ್ದವಳು ಅವರಿಗೆ ಊಟ ಬಡಿಸುತ್ತಾಳೆ. ಯೋಹಾನನ ಕೊನೆಯ ಅಧ್ಯಾಯಕ್ಕೆ ಬಂದರೆ ದೋಣಿ, ಬಲೆ ಎಲ್ಲ ಮತ್ತೆ ಹಾಜರು. ಹೆಂಡತಿಯೂ ಎಲ್ಲಿಗೂ ಹೋಗಲಿಲ್ಲ, ವರ್ಷಗಳ ಮೇಲೆ ಪೌಲ ಕೊರಿಂಥದವರಿಗೆ ಬರೆಯುವಾಗ, ಪೇತ್ರ ಹೆಂಡತಿಯನ್ನು ಜೊತೆಗೆ ಕರೆದುಕೊಂಡೇ ಸುತ್ತುತ್ತಾನೆ ಎನ್ನುತ್ತಾನೆ.

ಜಕ್ಕಾಯ ಆಸ್ತಿಯಲ್ಲಿ ಅರ್ಧ ಕೊಟ್ಟ. ಇನ್ನರ್ಧ ಎಲ್ಲಿ ಎಂದು ಕರ್ತನು ಕೇಳಲಿಲ್ಲ, ಈ ಮನೆಗೆ ರಕ್ಷಣೆ ಆಯಿತು ಎಂದ. ಆದರೆ ಆ ಶ್ರೀಮಂತ ಯುವಕನಿಗೆ ಎಲ್ಲವನ್ನೂ ಮಾರು ಎಂದ. ಗೆರಸೇನರ ಸೀಮೆಯ ದೆವ್ವ ಹಿಡಿದವನು ಗುಣವಾದ ಮೇಲೆ ನಾನೂ ಬರುತ್ತೇನೆ ಎಂದು ಬೇಡಿದರೆ, ಬೇಡ, ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಎಂದ. ಹೆರೋದನ ಪಾರುಪತ್ಯಗಾರ ಕೂಜನ ಹೆಂಡತಿ ಯೋಹಾನ್ನ, ತನ್ನ ಹಣ ಕೈಯಲ್ಲಿಟ್ಟುಕೊಂಡೇ ಆ ಗುಂಪಿಗೆ ಖರ್ಚು ಮಾಡಿದಳು. ಮಾರ್ಥ ಮರಿಯರು ಬೇಥಾನ್ಯದ ಮನೆ ಬಿಡಲೇ ಇಲ್ಲ. ಬಿಟ್ಟಿದ್ದರೆ ಯೇಸುವಿಗೆ ತಂಗಲು ಜಾಗ ಎಲ್ಲಿತ್ತು?

ಎಲ್ಲರಿಗೂ ಒಂದೇ ಬಿಲ್ಲು ಕೊಡಲಿಲ್ಲ ಎಂದಾಯಿತು. ಪಾಠದಲ್ಲಿ ಇಷ್ಟಕ್ಕೆ ನಿಲ್ಲಿಸಿದರೆ ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಾರೆ. ಅದೂ ಸರಿಯಲ್ಲ. ಅರ್ಧಕ್ಕೆ ನಿಂತ ಜಕ್ಕಾಯನನ್ನು ತೋರಿಸಿ ಹತ್ತರಲ್ಲಿ ಒಂದನ್ನೂ ಕೊಡದವರು ನಾವು.

ಮಾರ್ಕ 7ರಲ್ಲಿ ಇನ್ನೊಂದು ಸಿಕ್ಕಿತು, ಮೊದಲು ಎಷ್ಟು ಸಲ ಓದಿದ್ದೆನೋ, ಇದಕ್ಕೆ ಜೋಡಿಸಿ ಓದಿರಲಿಲ್ಲ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್" ಎಂದುಬಿಟ್ಟರೆ, ಅಂದರೆ ದೇವರಿಗೆ ಮೀಸಲು ಎಂದರೆ, ಅವರಿಗೆ ಕೊಡುವ ಹಂಗಿಲ್ಲ. ಶಾಸ್ತ್ರಿಗಳು ಹಾಗೆ ದಾರಿ ಮಾಡಿಟ್ಟಿದ್ದರು. ಅಪ್ಪ ಅಮ್ಮನನ್ನು ಹಗೆ ಮಾಡಬೇಕು ಎಂದ ಅದೇ ಬಾಯಿ ಇಲ್ಲಿ ಉರಿದು ಬೀಳುತ್ತದೆ. ದೇವರ ಹೆಸರಿನಲ್ಲಿ ತಾಯಿಯ ಊಟದ ತಟ್ಟೆ ಎಳೆಯಬೇಡಿ ಎಂಬಂತೆ. ಶಿಲುಬೆಯ ಮೇಲೆ ಉಸಿರು ಹೋಗುವ ಹೊತ್ತಿನಲ್ಲೂ ತನ್ನ ತಾಯಿಯನ್ನು ಯಾರು ನೋಡಿಕೊಳ್ಳಬೇಕೆಂದು ಹೇಳಿಯೇ ಹೋದ.

ಪುಟ್ಟನಿಗೆ ಮಾರ್ಕ 7 ಎಂದು ವಾಟ್ಸಾಪ್ ಮಾಡಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

29 ಮಾರ್ಚ್, ಶನಿವಾರ

ಕೂಟ ಆಯಿತು. ಹಾಲ್‌ನ ಫ್ಯಾನ್ ಕೈಕೊಟ್ಟಿತ್ತು, ಹಾಡಿನ ಪುಸ್ತಕದಲ್ಲೇ ಗಾಳಿ ಹಾಕಿಕೊಂಡರು. ಪಾಠ ಹೇಗಾಯಿತೆಂದು ಬರೆಯುವುದಿಲ್ಲ. ಅದರ ನಂತರದ ಮಾತು ಬರೆಯಬೇಕು.

ಎಪ್ಪತ್ತು ದಾಟಿದ ಒಬ್ಬರು ಎದ್ದರು, ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವವರು. "ಟೀಚರೇ, ಬಿಡಬೇಕು ಬಿಡಬೇಕು ಅಂತ ಹೇಳಿದಿರಿ. ನಮಗೆ ಬಿಡಲಿಕ್ಕೆ ಎಂತ ಇತ್ತು? ಅಮ್ಮ ಬೀಡಿ ಕಟ್ಟುತ್ತಿದ್ದರು. ಅನ್ನಕ್ಕೆ ಇಡುವಾಗ ಒಂದು ಮುಷ್ಟಿ ಅಕ್ಕಿ ಬೇರೆ ಡಬ್ಬಿಗೆ ಹಾಕಿ ಆಮೇಲೆ ಉಳಿದದ್ದನ್ನು ತೊಳೆಯುತ್ತಿದ್ದರು. ಭಾನುವಾರ ಆ ಡಬ್ಬಿ ಸಭೆಗೆ. ನಾವು ಐದು ಮಕ್ಕಳು, ಗಂಜಿ ತೆಳ್ಳಗೆ. ಒಂದು ದಿನವೂ ಅವರು ಆ ಮುಷ್ಟಿ ತಪ್ಪಿಸಲಿಲ್ಲ." ಕೂತರು. ಮತ್ತೆ ಎದ್ದು, "ಹಸಿವಾದದ್ದು ನಮಗೂ" ಎಂದರು.

ತಾಯಿಯನ್ನು ಹೊಗಳಿದರೋ ದೂರಿದರೋ ತಿಳಿಯಲಿಲ್ಲ. ಎರಡೂ ಇತ್ತು. ಯಾರೂ ಏನೂ ಅನ್ನಲಿಲ್ಲ. ಅಯ್ಯನವರ ಹೆಂಡತಿ ಮುಂದಿನ ಹಾಡಿನ ನಂಬರ್ ಕರೆದರು.

ಅಯ್ಯನವರ ಹೆಂಡತಿ ಎಂದಾಗ ನೆನಪಾಯಿತು. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ, ಮಕ್ಕಳ ಶಾಲೆ ಬದಲು, ಹಳತಾದ ಪಾರ್ಸನೇಜು, ತನ್ನ ಕೆಲಸ ಎಲ್ಲಿಯೂ ನಿಲ್ಲದು. ಅವರನ್ನು ಸಂದರ್ಶನಕ್ಕೆ ಕರೆದು ನಿಮಗೆ ಕರೆ ಬಂದಿದೆಯೇ ಎಂದು ಯಾರು ಕೇಳಿದ್ದಾರೆ?

9 ಏಪ್ರಿಲ್, ಬುಧವಾರ

ಇವತ್ತಿಗೆ ಬೊನ್‌ಹೋಫರ್‌ರನ್ನು ಗಲ್ಲಿಗೇರಿಸಿ 80 ವರ್ಷ. ಹಿಟ್ಲರನ ಜರ್ಮನಿಯಲ್ಲಿ ಎದ್ದು ನಿಂತ ಆ ಪಾದ್ರಿಯ ಶಿಷ್ಯತ್ವದ ಪುಸ್ತಕ 1937ರದ್ದು. ಅಗ್ಗದ ಕೃಪೆ ಎಂದು ಅವರು ಬೈದದ್ದು ನಮ್ಮಂಥವರನ್ನೇ. ಗಾಂಧೀಜಿಯ ಆಶ್ರಮಕ್ಕೆ ಬಂದು ಇರಬೇಕೆಂದಿದ್ದವರು, ಗಾಂಧೀಜಿ 1934ರಲ್ಲಿ ಬರಹೇಳಿ ಪತ್ರ ಬರೆದೂ ಇದ್ದರು, ಬರುವುದಾಗಲಿಲ್ಲ. 1939ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿ ಇರಬಹುದಿತ್ತು. ಕೆಲವೇ ವಾರಗಳಲ್ಲಿ ಹಡಗು ಹತ್ತಿ ಜರ್ಮನಿಗೆ ಹಿಂದಿರುಗಿದರು. ಪುಸ್ತಕದಲ್ಲಿ ಬರೆದದ್ದನ್ನು ಮೈಮೇಲೆ ತೆಗೆದುಕೊಂಡ ಮನುಷ್ಯ, ಇವರ ಮುಂದೆ ನನ್ನ ತಕರಾರುಗಳೆಲ್ಲ ಸಣ್ಣವು.

ಆದರೂ ನನಗೆ ಮರಿಯಾ ಫಾನ್ ವೇಡಮಾಯರ್ ನೆನಪಾಗುತ್ತಾಳೆ. 1943ರ ಜನವರಿಯಲ್ಲಿ ನಿಶ್ಚಿತಾರ್ಥ, ಅವಳಿಗೆ 18, ಅವರಿಗೆ 36. ಅದಕ್ಕೂ ಮುಂಚಿನ ವರ್ಷವೇ ಅಪ್ಪನನ್ನೂ ಅಣ್ಣನನ್ನೂ ಯುದ್ಧದಲ್ಲಿ ಕಳೆದುಕೊಂಡಿದ್ದ ಹುಡುಗಿ. ಏಪ್ರಿಲಿನಲ್ಲಿ ಅವರ ಬಂಧನ. ಅಲ್ಲಿಂದ ಮುಂದೆ ಅವರಿಬ್ಬರದ್ದು ಜೈಲಿನ ಭೇಟಿ, ಜೈಲಿನ ಕಾಗದ, ಅಷ್ಟೇ. 1945ರ ಫೆಬ್ರವರಿಯಲ್ಲಿ ಅವರನ್ನು ಎಲ್ಲಿಗೋ ಸಾಗಿಸಿದರೆಂದು ತಿಳಿದು, ಬೆಚ್ಚನೆಯ ಬಟ್ಟೆ ತುಂಬಿದ ಪೆಟ್ಟಿಗೆ ಹಿಡಿದು ಹುಡುಕಿಕೊಂಡು ಹೋದಳು. ಕೊನೆಯ ಕೆಲವು ಕಿಲೋಮೀಟರು ನಡೆದೇ ಫ್ಲೋಸೆನ್‌ಬ್ಯುರ್ಗ್ ಶಿಬಿರದ ಬಾಗಿಲು ಮುಟ್ಟಿದಳು. ಇಲ್ಲಿಲ್ಲ ಎಂದರು. ಆಗ ನಿಜವಾಗಿಯೂ ಅವರು ಅಲ್ಲಿರಲಿಲ್ಲ. ಎರಡು ತಿಂಗಳ ಮೇಲೆ ಅದೇ ಶಿಬಿರಕ್ಕೆ ತಂದು ಕೊಂದರು. ಅವಳಿಗೆ ಸುದ್ದಿ ಮುಟ್ಟಿದ್ದು ಜೂನ್‌ನಲ್ಲಿ. ಬೊನ್‌ಹೋಫರ್‌ರ ಅಪ್ಪ ಅಮ್ಮನಿಗೆ ಜುಲೈ ಕೊನೆಯಲ್ಲಿ, ಲಂಡನ್ನಿನಲ್ಲಿ ನಡೆದ ಸ್ಮರಣೆಯ ಆರಾಧನೆಯನ್ನು ರೇಡಿಯೊದಲ್ಲಿ ಕೇಳಿದಾಗ. ಆ ಮುದುಕರಿಗೆ ಇಬ್ಬರು ಮಕ್ಕಳು, ಇಬ್ಬರು ಅಳಿಯಂದಿರು ಹೋದರು.

ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಆ ಮನೆಯವರಿಗೆ ಗೊತ್ತಿತ್ತು. ಅಳಿಯ, ಅಣ್ಣ ಎಲ್ಲರೂ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ್ದವರೇ. ಮರಿಯಾ ಕಣ್ಣು ತೆರೆದೇ ಹೌದೆಂದಳು. ಬಾಸೆಲ್‌ನ ಆ ಕೂಸುಗಳಿಗೂ ಇವರಿಗೂ ನಡುವೆ ಇರುವುದು ಅಷ್ಟೇ, ಇವರನ್ನು ಕೇಳಲಾಗಿತ್ತು. ನೋವು ಅದರಿಂದ ಕಡಿಮೆಯಾಯಿತೆಂದು ನಾನು ಹೇಳಲಾರೆ. ಯುದ್ಧ ಮುಗಿದ ಮೇಲೆ ಅವಳು ಅಮೆರಿಕಕ್ಕೆ ಹೋಗಿ ಗಣಿತ ಓದಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡಿದಳು. 1977ರಲ್ಲಿ ತೀರಿಕೊಂಡಳು.

12 ಏಪ್ರಿಲ್, ಶನಿವಾರ

ನಾಳೆ ಗರಿಗಳ ಭಾನುವಾರ. ಪುಟ್ಟ ಬಂದಿದ್ದಾನೆ, ಮಧ್ಯಾಹ್ನ ತಂಗಿಯ ಮನೆಯಲ್ಲೇ ಮೂವರೂ ಕೂತೆವು.

ಈ ಸಲ ಒಂದು ನೋಟ್‌ಬುಕ್ ತಂದಿದ್ದ. ಮಾರ್ಕ 7 ಓದಿದೆ ಎಂದ, ಸಿಟ್ಟು ಬಂದಿತ್ತಂತೆ ನನ್ನ ಮೇಲೆ. ಆಮೇಲೆ ಲೂಕ 14ನ್ನೇ ಮತ್ತೆ ಓದಿದನಂತೆ: ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ? ಹತ್ತು ಸಾವಿರ ಸೈನಿಕರಿರುವ ಅರಸ ಇಪ್ಪತ್ತು ಸಾವಿರದವನ ಎದುರು ಹೋಗುವ ಮುಂಚೆ ಯೋಚಿಸುವುದಿಲ್ಲವೇ? ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಬರೆದಿದ್ದ. ಉಳಿದ ಸಾಲ, ಪಿ.ಎಫ್. ತೆಗೆದರೆ ಎಷ್ಟು ತೀರುತ್ತದೆ, ಉಳಿದದ್ದಕ್ಕೆ ಕಂತು ಎಷ್ಟಕ್ಕೆ ಇಳಿಯುತ್ತದೆ, ಅಮ್ಮನ ಔಷಧಿ, ಕಾಲೇಜಿನ ಫೀಸು. ಇನ್ನೊಂದು ವರ್ಷ ಕೆಲಸ ಮಾಡಿ ಹೋದರೆ ಏನಾಗುತ್ತದೆ ಎಂಬುದು ಮುಂದಿನ ಪುಟದಲ್ಲಿ. ಇಂಜಿನಿಯರ್ ಅಲ್ಲವೇ.

ತಂಗಿ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ನೋಡಿದಳು. ಇನ್ಸುಲಿನ್ ಲೆಕ್ಕ ತಪ್ಪಿದೆ, ತಿಂಗಳಿಗೆ ಒಂದು ಪೆನ್ನು ಸಾಲದು ಎಂದಳು. ಅವನು ತಿದ್ದಿದ. ಹಾಗೆಯೇ ತುಂಬಾ ಹೊತ್ತು ಹೋಯಿತು, ನಡುವೆ ಒಂದು ಸಲ ಅವಳು ಅತ್ತಳು, ಒಂದು ಸಲ ಅವನು.

"ಅಮ್ಮ, ನೀನು ಬೇಡ ಎಂದರೆ ಹೋಗುವುದಿಲ್ಲ" ಎಂದ ಕೊನೆಗೆ.

"ಹಾಗೆ ನನ್ನ ತಲೆ ಮೇಲೆ ಹಾಕಬೇಡ" ಎಂದಳು ತಂಗಿ. "ಒಂದು ವರ್ಷ ನಿಲ್ಲು. ಸಾಲ ಅರ್ಧಕ್ಕೆ ಇಳಿಸು. ಆಮೇಲೆ ಹೋಗು. ಆದರೆ ನಾಳೆ ನೀನು ಪಾದ್ರಿಯಾಗಿ ಸಾಕ್ಷಿ ಹೇಳುವಾಗ ನಾನು ಎಲ್ಲವನ್ನೂ ಬಿಟ್ಟು ಬಂದೆ ಅಂತ ಮೈಕ್ ಹಿಡಿದು ಹೇಳಿದಿಯೋ, ಮುಂದಿನ ಬೆಂಚಿನಿಂದಲೇ ಎದ್ದು ನಿಲ್ಲುತ್ತೇನೆ. ಅರ್ಧ ಬಿಟ್ಟದ್ದು ನಾನು."

ಅವನು ನಕ್ಕ. ಅವಳು ನಗಲಿಲ್ಲ.

ಒಂದು ವರ್ಷ ಕಾಯುವುದು ಅವನಿಗೆ ಒಪ್ಪಿಗೆಯೋ ಇಲ್ಲವೋ ಸ್ಪಷ್ಟವಾಗಲಿಲ್ಲ. ಮೊದಲು ಅಪ್ಪನನ್ನು ಹೂಣಿಡಲು ಬಿಡು ಎಂದು ಕೇಳಿದವನಿಗೆ ಯೇಸು ಏನು ಹೇಳಿದ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ನಾವಿಬ್ಬರೂ ಅದನ್ನು ಎತ್ತಲಿಲ್ಲ. ಅಯ್ಯನವರ ಹತ್ತಿರ ಮಾತಾಡಿ ಬರುತ್ತೇನೆ ಎಂದು ಸಂಜೆ ಹೊರಟ.

ಮೇಲಿನ ಕೋಣೆಗೆ ಬೇರೆ ಮೆಟ್ಟಿಲು ಮಾಡಿಸಿದರೆ ಬಾಡಿಗೆಗೆ ಕೊಡಬಹುದು ಎಂದು ತಂಗಿಯ ಯೋಚನೆ. ಮೇಸ್ತ್ರಿ ಸೋಮವಾರ ಬರುತ್ತಾನೆ. ಅವನ ಎಸ್ಟಿಮೇಟು ನೋಡಿ, ನನ್ನ ಪೆನ್ಶನ್‌ನಿಂದ ಎಷ್ಟು ಹಾಕಬಹುದೆಂದು ಹೇಳಬೇಕು.